ಉದ್ಯಾನದಲ್ಲಿ ಉಳಿದ ದೇಶ

1795ರಲ್ಲಿ ಪೋಲೆಂಡ್ ಯುರೋಪಿನ ಭೂಪಟದಿಂದಲೇ ಮಾಯವಾಯಿತು. ನೆರೆಯ ರಷ್ಯಾ, ಪ್ರಷ್ಯಾ ಮತ್ತು ಆಸ್ಟ್ರಿಯಾ ಅದನ್ನು ಮೂರು ಕಂತುಗಳಲ್ಲಿ ಹಂಚಿಕೊಂಡು ಮುಗಿಸಿದ್ದವು. ಇಲ್ಲವಾದ ಆ ದೇಶದ ನೆನಪನ್ನು ಕಾಪಾಡಲು ಉದ್ಯಾನವೊಂದನ್ನು ಆಸರೆ ಮಾಡಿಕೊಂಡವಳು ರಾಜಕುಮಾರಿ ಇಜಾಬೆಲಾ ಚಾರ್ತೊರಿಸ್ಕಾ.

1746ರಲ್ಲಿ ಹುಟ್ಟಿದ ಇಜಾಬೆಲಾ 15ನೆಯ ವಯಸ್ಸಿಗೇ ಚಾರ್ತೊರಿಸ್ಕಿ ಮನೆತನದ ಸೊಸೆಯಾದಳು. ವಾರ್ಸಾ ಬಳಿ ಆಕೆ ಮಾಡಿಸಿದ ಮೊದಲ ತೋಟ ಬರೀ ವಿಲಾಸದ್ದು. ಅಲ್ಲಿನ ಮನೆಗಳು ಹೊರಗೆ ಗುಡಿಸಲು, ಒಳಗೆ ಅರಮನೆ. 1794ರ ದಂಗೆಯ ಕಾಲದಲ್ಲಿ ಆ ತೋಟವೂ ವಿಸ್ತುಲಾ ನದಿದಂಡೆಯ ಪುವಾವಿಯ ಅರಮನೆಯೂ ಹಾಳಾದವು.

ಇಜಾಬೆಲಾ ಪುವಾವಿಯನ್ನು ಮತ್ತೆ ಕಟ್ಟಿದಳು. ಗೆರೆ ಎಳೆದಂಥ ಹಾದಿ, ಕತ್ತರಿಸಿ ನಿಲ್ಲಿಸಿದ ಗಿಡಗಳ ಬದಲು ಇಂಗ್ಲಿಷ್ ಮಾದರಿಯಂತೆ ಬಳಸು ದಾರಿ, ಸಹಜವಾಗಿ ಬೆಳೆದ ಮರಗಳಿಗೆ ಅಲ್ಲಿ ಜಾಗ ಸಿಕ್ಕಿತು. ತೋಟಗಾರಿಕೆ ಕುರಿತು 1805ರಲ್ಲಿ ಪುಸ್ತಕವನ್ನೂ ಬರೆದಳು.

ಆದರೆ ಈ ಉದ್ಯಾನದ ಜೀವಾಳ 1801ರಲ್ಲಿ ತೆರೆದ ಸಿಬಿಲ್ ಮಂದಿರ. ಪೋಲೆಂಡಿನ ರಾಜರ, ವೀರರ ವಸ್ತುಗಳನ್ನಿಟ್ಟ ಅದು ಆ ನಾಡಿನ ಮೊದಲ ವಸ್ತುಸಂಗ್ರಹಾಲಯ. ಗತಕಾಲ ಭವಿಷ್ಯಕ್ಕೆ ಮೀಸಲು ಎಂಬುದು ಅದರ ಬಾಗಿಲ ಮೇಲಿನ ಬರಹದ ಅರ್ಥ. 1809ರ ಗಾಥಿಕ್ ಮನೆಯಲ್ಲಿ ಲಿಯೊನಾರ್ಡೊನ ಚಿತ್ರವೊಂದೂ ಇತ್ತು.

1830-31ರ ದಂಗೆ ಸೋತಾಗ ರಷ್ಯಾ ಪುವಾವಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಬಚ್ಚಿಟ್ಟು ಸಾಗಿಸಿದ ಸಂಗ್ರಹದ ಬಹುಭಾಗ ಪ್ಯಾರಿಸ್ ಸೇರಿತು. 1870ರ ದಶಕದಲ್ಲಿ ಕ್ರಾಕೋವ್‌ಗೆ ಬಂತು. ಇಜಾಬೆಲಾ 1835ರಲ್ಲಿ ಪುವಾವಿಯಿಂದ ದೂರದಲ್ಲೇ ತೀರಿಕೊಂಡಳು. ಪೋಲೆಂಡ್ ಮತ್ತೆ ಭೂಪಟಕ್ಕೆ ಮರಳಿದ್ದು 1918ರಲ್ಲಿ. ಆಕೆ ಕಟ್ಟಿಸಿದ ಮಂದಿರ ಇಂದಿಗೂ ಆ ಉದ್ಯಾನದಲ್ಲೇ ನಿಂತಿದೆ.