ದೋಣಿಯ ಯಂತ್ರಕ್ಕೆ ನೀರು ತರುವ ಫಿಟ್ಟಿಂಗ್

ಓಡುತ್ತಿರುವ ಮೋಟಾರು ದೋಣಿಯ ಯಂತ್ರ ಕಾದು ನಿಂತುಹೋಗುವುದಕ್ಕೂ, ದಡದಲ್ಲಿ ಕಟ್ಟಿಹಾಕಿದ ಅದೇ ದೋಣಿ ಬೆಳಗಾಗುವುದರೊಳಗೆ ಮುಳುಗುವುದಕ್ಕೂ ಒಂದೇ ಬಿರುಕು ಕಾರಣವಾಗಬಹುದು ಎಂದರೆ ನಂಬುವಿರಾ? ಬಿರುಕು ಬಿಡುವುದು ಅಂಗೈಯಲ್ಲಿ ಹಿಡಿಯಬಹುದಾದ ಒಂದು ಪ್ಲಾಸ್ಟಿಕ್ ಫಿಟ್ಟಿಂಗ್.

ಮಲ್ಪೆ ಅಥವಾ ಮಂಗಳೂರಿನ ಧಕ್ಕೆಯಲ್ಲಿ ನೀವು ಎರಡು ಬಗೆಯ ದೋಣಿಗಳನ್ನು ನೋಡಿರಬಹುದು. ಟ್ರಾಲ್ ಬೋಟಿನ ಯಂತ್ರ ಒಳಗಿರುತ್ತದೆ. ಅದರ ಉದ್ದನೆಯ ದಂಡ ಹೊರಗೆ ಹಾದು ಪ್ರೊಪೆಲ್ಲರನ್ನು ತಿರುಗಿಸುತ್ತದೆ. ನಾಡದೋಣಿಯಲ್ಲಿ ಇಡೀ ಯಂತ್ರವೇ ಹೊರಗೆ ತೂಗುತ್ತದೆ, ಅದು ಔಟ್‌ಬೋರ್ಡ್. ಇವೆರಡರ ನಡುವಿನ ಏರ್ಪಾಡೇ ಸ್ಟರ್ನ್‌ಡ್ರೈವ್. ಇದರಲ್ಲಿ ಯಂತ್ರ ದೋಣಿಯ ಒಳಗೆ, ಹಲ್ಲುಚಕ್ರಗಳೂ ಪ್ರೊಪೆಲ್ಲರೂ ಇರುವ ‘ಕಾಲು’ ಹಿಂಗೋಡೆಯ ಹೊರಗೆ. ಸ್ವೀಡನ್ನಿನ ವೋಲ್ವೊ ಪೆಂಟಾ ಕಂಪನಿ 1959ರಲ್ಲಿ ‘ಅಕ್ವಾಮ್ಯಾಟಿಕ್’ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಎರಡು ವರ್ಷಗಳ ನಂತರ ಅಮೆರಿಕದ ಮರ್‌ಕ್ರೂಸರ್ ಬಂತು. ಅಮೆರಿಕದ ಸರೋವರಗಳಲ್ಲಿ ವಿಹಾರಕ್ಕೆ ಬಳಸುವ ದೋಣಿಗಳಲ್ಲಿ ಈ ವ್ಯವಸ್ಥೆ ಸಾಮಾನ್ಯ.

ಕಾರಿಗೆ ರೇಡಿಯೇಟರ್ ಉಂಟು. ದೋಣಿಗೆ ಸುತ್ತಲಿನ ನೀರೇ ರೇಡಿಯೇಟರ್. ಕಾಲಿನ ಸೀಳುಗಳಿಂದ ಒಳಬಂದ ನೀರು ಮೇಲೇರಿ, ರಬ್ಬರ್ ಹೋಸಿನ ಮೂಲಕ ಹಿಂಗೋಡೆಯನ್ನು ದಾಟಿ ಯಂತ್ರವನ್ನು ಸೇರುತ್ತದೆ. ಯಂತ್ರದ ಶಾಖವನ್ನು ಹೊತ್ತು, ಹೊಗೆಯೊಂದಿಗೆ ಬೆರೆತು ಹೊರಬೀಳುತ್ತದೆ. ಹೊಗೆಯನ್ನು ತಣಿಸುವುದೂ ಇದೇ ನೀರು. ಅದು ನಿಂತರೆ ಹೊಗೆಕೊಳವೆಯ ರಬ್ಬರು ಭಾಗಗಳೂ ಸುಡುತ್ತವೆ. ಗೋಡೆ ದಾಟುವ ಜಾಗದಲ್ಲಿ ಹೊರಗಿನ ಹೋಸನ್ನು ಒಳಗಿನ ಹೋಸಿಗೆ ಜೋಡಿಸುವುದೇ ನಮ್ಮ ಫಿಟ್ಟಿಂಗ್.

ಇದು ಒಡೆದರೆ ಏನಾಗುತ್ತದೆ ಎಂಬುದು ಪಂಪು ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಮರ್‌ಕ್ರೂಸರ್‌ನ ‘ಆಲ್ಫಾ’ ಮಾದರಿಯಲ್ಲಿ ಪಂಪು ಹೊರಗಿನ ಕಾಲಿನಲ್ಲಿದ್ದು ನೀರನ್ನು ಒಳಕ್ಕೆ ತಳ್ಳುತ್ತದೆ. ಬಿರುಕಿದ್ದರೆ ನೀರು ದೋಣಿಯೊಳಗೆ ಚಿಮ್ಮುತ್ತದೆ, ಕಣ್ಣಿಗೆ ಕಾಣುತ್ತದೆ. ‘ಬ್ರಾವೊ’ ಮಾದರಿಯಲ್ಲಿ ಪಂಪು ಯಂತ್ರದ ಮೇಲಿದ್ದು ನೀರನ್ನು ಎಳೆಯುತ್ತದೆ. ಇಲ್ಲಿ ವೇಗ ಹೆಚ್ಚಿದಾಗ ಬಿರುಕಿನಿಂದ ಹನಿ ನೀರೂ ಹೊರಬರದಿರಬಹುದು. ಬದಲಿಗೆ ಗಾಳಿ ಒಳನುಗ್ಗುತ್ತದೆ. ತೂತುಬಿದ್ದ ಸ್ಟ್ರಾದಲ್ಲಿ ಎಳನೀರು ಕುಡಿದು ನೋಡಿ, ಅರ್ಥವಾಗುತ್ತದೆ. ಬಾವಿಯ ಪಂಪ್‌ಸೆಟ್ಟಿನ ಹೀರು ಕೊಳವೆ ಸೀಳಿದಾಗ ‘ಪಂಪು ಗಾಳಿ ಎಳೀತಿದೆ’ ಎನ್ನುವ ನಮ್ಮ ರೈತರಿಗೆ ಈ ಪಾಠ ಹೊಸದೇನಲ್ಲ. ಮೆಕ್ಯಾನಿಕ್ ಮಾತ್ರ ಪಂಪು ಬದಲಿಸುತ್ತಾನೆ, ಥರ್ಮೋಸ್ಟಾಟ್ ಬದಲಿಸುತ್ತಾನೆ. ಯಂತ್ರ ಮತ್ತೆ ಕಾಯುತ್ತದೆ!

ಯಂತ್ರ ನಿಂತೊಡನೆ ಆಟ ತಿರುಗುತ್ತದೆ. ಎಳೆತ ಇಲ್ಲ, ಆದರೆ ಫಿಟ್ಟಿಂಗ್ ನೀರಿನ ಮಟ್ಟಕ್ಕಿಂತ ಕೆಳಗಿದೆ. ಹೋಸು ಪೂರ್ತಿ ಕಳಚಿ 25 ಮಿ.ಮೀ. ವ್ಯಾಸದ ಬಾಯಿ ತೆರೆದುಕೊಂಡಿದೆ, ಅದು 30 ಸೆಂ.ಮೀ. ಆಳದಲ್ಲಿದೆ ಎನ್ನೋಣ. ಟಾರಿಸೆಲ್ಲಿಯ ಸೂತ್ರದಂತೆ ನೀರಿನ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್, ಹರಿವು ಸುಮಾರು 1.2 ಲೀಟರ್. ದಾರಿಯ ಅಡೆತಡೆಗಳಿಗಾಗಿ ಅರ್ಧಕ್ಕರ್ಧ ಕಳೆದರೂ ಗಂಟೆಗೆ ಎರಡು ಟನ್ನಿನಷ್ಟು ನೀರು ಒಳಬರುತ್ತದೆ. ಬಿರುಕು ಸಣ್ಣದಾದರೆ ನಿಧಾನ, ಅಷ್ಟೇ, ರಾತ್ರಿ ದೀರ್ಘವಾಗಿರುತ್ತದೆ.

ಒಡೆಯುವುದಕ್ಕೆ ಕಾರಣಗಳು ಹಲವು. ಯಂತ್ರ ಕಾದಾಗ ಪ್ಲಾಸ್ಟಿಕ್ ಮೆತ್ತಗಾಗಿ ಸೊಟ್ಟಗಾಗುತ್ತದೆ. ಶೀತದೇಶಗಳಲ್ಲಿ ಒಳಗೆ ಉಳಿದ ನೀರು ಮಂಜುಗಡ್ಡೆಯಾಗಿ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಕ್ಲ್ಯಾಂಪನ್ನು ಅತಿಯಾಗಿ ಬಿಗಿಯುವ ಕೈಗಳೂ ಕಡಿಮೆಯೇನಿಲ್ಲ.

ಬದಲಿಸುವ ಕೆಲಸವನ್ನು ದೋಣಿ ನೀರಿನಲ್ಲಿರುವಾಗ ಮಾಡಲೇಬಾರದು. ಹಳೆಯ ಫಿಟ್ಟಿಂಗ್ ತೆಗೆದ ಕ್ಷಣ ಮೇಲಿನ ಲೆಕ್ಕ ನಿಜವಾಗುತ್ತದೆ! ದೋಣಿಯನ್ನು ಟ್ರೈಲರಿನ ಮೇಲೇರಿಸಿ, ಬ್ಯಾಟರಿಯ ತಂತಿ ಕಳಚಬೇಕು. ಒಳಗಿನ ಹೋಸು ಬಿಚ್ಚುವುದು ಸುಲಭ. ಹೊರಗಿನದಕ್ಕೆ ಕೈಹಾಕಬೇಕಾದರೆ ಸಾಮಾನ್ಯವಾಗಿ ಕಾಲನ್ನೇ ಕಳಚಬೇಕು. ತಾಳ್ಮೆ ಬೇಕಾಗುವುದು ಫಿಟ್ಟಿಂಗಿನ ಬೋಲ್ಟುಗಳಿಗೆ. ಅಲ್ಯೂಮಿನಿಯಂ ಗೋಡೆಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟು, ಜೊತೆಗೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ವಿದ್ಯುತ್‌ಕೋಶ. ಅಲ್ಯೂಮಿನಿಯಂ ಸವೆದು ಬಿಳಿಯ ಪುಡಿಯಾಗಿ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ಬಲ ಹಾಕಿ ತಿರುಗಿಸಿದರೆ ತಲೆ ಮುರಿದು, ಇನ್ನೂರು ರೂಪಾಯಿಯ ಕೆಲಸ ಇಪ್ಪತ್ತು ಸಾವಿರಕ್ಕೆ ಹೋದಂತಾಗುತ್ತದೆ. ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಕಾದು, ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ಆಡಿಸಬೇಕು. ಗೋಡೆಯ ಮೇಲ್ಮೈಯನ್ನು ಹೊಳೆಯುವಂತೆ ಒರೆಸಿ, ಹೊಸ ಗ್ಯಾಸ್ಕೆಟ್ ಇಟ್ಟು, ಎರಡು ಬೋಲ್ಟುಗಳನ್ನೂ ಸರದಿಯಂತೆ, ತಯಾರಕರ ಕೈಪಿಡಿ ಹೇಳುವಷ್ಟೇ ಬಿಗಿಯಬೇಕು. ಹೋಸಿನ ತುದಿಗೆ, ಜಾಗವಿದ್ದಲ್ಲೆಲ್ಲ, ಒಂದರ ಪಕ್ಕ ಒಂದು ಎರಡು ಸ್ಟೀಲ್ ಕ್ಲ್ಯಾಂಪು.

ಪರೀಕ್ಷೆಯಲ್ಲೂ ಒಂದು ಮೋಸ ಅಡಗಿದೆ. ನೆಲದ ಮೇಲೆ ಯಂತ್ರ ಓಡಿಸುವಾಗ ಕಾಲಿನ ಸೀಳುಗಳಿಗೆ ರಬ್ಬರ್ ಬಟ್ಟಲು ಕಟ್ಟಿ ನಲ್ಲಿಯ ನೀರು ಕೊಡುತ್ತಾರೆ. ನಲ್ಲಿಯ ಒತ್ತಡ ನೀರನ್ನು ತಾನೇ ತಳ್ಳುವುದರಿಂದ ಗಾಳಿ ಎಳೆಯುವ ದೋಷ ಅಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಬಲ್ಲವರು ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಹೋಸು ಸೇರಿಸಿ, ದೋಣಿಯನ್ನು ನೀರಿಗಿಳಿಸಿ ವೇಗವಾಗಿ ಓಡಿಸುವಾಗ ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಾರೆ. ಯಂತ್ರ ನಿಲ್ಲಿಸಿದ ಮೇಲೆ ಫಿಟ್ಟಿಂಗಿನ ಕೆಳಗೆ ಒಣ ಕಾಗದ ಹಾಸಿ, ಒಂದು ಗಂಟೆಯ ನಂತರ ಟಾರ್ಚ್ ಹಿಡಿದು ಬಗ್ಗಿ ನೋಡುತ್ತಾರೆ.