ಕುಂಡದ ಗಿಡದಲ್ಲಿ ಥ್ರಿಪ್ಸ್ ನುಸಿ: ಔಷಧಿಗೆ ಮುನ್ನ ಗುರುತು ಹಿಡಿಯಿರಿ

ಮನೆಯೊಳಗಿನ ಕುಂಡದ ಗಿಡಕ್ಕೂ ಹೊಲದ ಮೆಣಸಿನಕಾಯಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವಿದೆ. ‘ಥ್ರಿಪ್ಸ್ ಪಾರ್ವಿಸ್ಪೈನಸ್’ ಎಂಬ ನುಸಿ ನಮ್ಮ ದೇಶದಲ್ಲಿರುವುದು 2015ರಲ್ಲಿ ಮೊದಲ ಬಾರಿಗೆ ವರದಿಯಾಯಿತು; ಸಿಕ್ಕಿದ್ದು ಬೆಂಗಳೂರಿನ ಪರಂಗಿ ಗಿಡಗಳ ಮೇಲೆ. 2021ರಲ್ಲಿ ಅದೇ ನುಸಿ ಆಂಧ್ರ, ತೆಲಂಗಾಣ, ಕರ್ನಾಟಕಗಳಲ್ಲಿ ಮೆಣಸಿನ ಹೂಗಳಿಗೆ ಮುತ್ತಿತು. ಹೂ ಉದುರಿತು, ಕಾಯಿ ಕಚ್ಚಲಿಲ್ಲ. ಯುರೋಪಿನಲ್ಲಿ ಇದು ಮೊದಲು ಕಂಡದ್ದು ಗ್ರೀಸ್ ದೇಶದ ಗಾಜಿನ ಮನೆಯ ಗಾರ್ಡೀನಿಯ ಗಿಡಗಳಲ್ಲಿ. ಆಂಥೂರಿಯಂ, ಫೈಕಸ್ ಮುಂತಾದ ಅಲಂಕಾರದ ಗಿಡಗಳಲ್ಲಿಯೂ ಇದು ಬಾಳುತ್ತದೆ.

ಜಕ್ಕೂರು, ಯಲಹಂಕದ ಕಡೆಯ ನರ್ಸರಿಗಳಿಂದ ಇಂಥ ಗಿಡಗಳು ಸುತ್ತಲ ಹಳ್ಳಿಗಳ ಜಗುಲಿಗೂ ಬರುತ್ತಿವೆ. ಹಾಗೆಂದು ಕುಂಡದಲ್ಲಿ ಕಂಡ ನುಸಿಗೆಲ್ಲ ಗಾಬರಿಯಾಗಬೇಕಿಲ್ಲ.

ಮೊದಲು ಫೈಕಸ್ ಬೆಂಜಮಿನಾ ಗಿಡವನ್ನು ನೋಡಿ. ಚಿಗುರೆಲೆ ನಡುದಿಂಡಿನ ಉದ್ದಕ್ಕೆ ಕರ್ಜಿಕಾಯಿಯಂತೆ ಮಡಚಿಕೊಂಡಿದ್ದರೆ ಬಿಡಿಸಿ. ಒಳಗೆ ಎರಡು ಮೂರು ಮಿಲಿಮೀಟರ್ ಉದ್ದದ ಅಚ್ಚ ಕಪ್ಪು ಹುಳುಗಳೂ ಬೆಳ್ಳಗಿನ ಮೊಟ್ಟೆಗಳೂ ಕಂಡರೆ ಅದು ‘ಗೈನೈಕೋಥ್ರಿಪ್ಸ್ ಉಜೇಲಿ’. ಫೈಕಸ್ ಜಾತಿಗೆ ಅಂಟಿಕೊಂಡ ಇದು ಮೆಣಸಿನ ತಂಟೆಗೆ ಬರುವುದಿಲ್ಲ. ಮಡಚಿದ ಎಲೆ ಕಿತ್ತು ಸುಟ್ಟರೆ ಸಾಕು. ಕೆಲವೊಮ್ಮೆ ಆ ಮಡಿಕೆಯೊಳಗೆ ತೆಳ್ಳಗಿನ ಕಪ್ಪು ತಿಗಣೆಯೊಂದಿರುತ್ತದೆ. ಅದು ಈ ನುಸಿಯನ್ನೇ ತಿಂದು ಬದುಕುವಂಥದ್ದು. ವಿಷ ಹೊಡೆದರೆ ಮೊದಲು ಸಾಯುವುದು ಬಹುಶಃ ಅದೇ.

ಎಲೆ ಮಡಚದೆ ಬೆಳ್ಳಿ ಬಳಿದಂತೆ ಬಿಳಿಚಿ, ಮೇಲೆ ಕರಿ ಚುಕ್ಕೆ ಬಿದ್ದಿದ್ದರೆ? ಮರಿಗಳು ಬಾಲದ ತುದಿಯಲ್ಲಿ ಹಿಕ್ಕೆಯ ಹನಿಯೊಂದನ್ನು ಹೊತ್ತು ತಿರುಗುತ್ತಿದ್ದು, ದೊಡ್ಡವು ಕಪ್ಪು ಮೈ, ಹಳದಿ ಕಾಲಿನವಾಗಿದ್ದರೆ ಅದು ಹಸಿರುಮನೆ ಥ್ರಿಪ್ಸ್ ಇದ್ದೀತು. 1833ರಲ್ಲಿ ಇದಕ್ಕೆ ಹೆಸರಿಟ್ಟದ್ದೇ ಬರ್ಲಿನ್ನಿನ ಗಾಜಿನ ಮನೆಯಲ್ಲಿ ಸಿಕ್ಕ ಹುಳುಗಳನ್ನು ನೋಡಿ.

ಎಚ್ಚರ ಬೇಕಾದದ್ದು ಮೂರನೆಯದಕ್ಕೆ. ಬಿಳಿ ಕಾಗದ ಹಿಡಿದು ಹೂವನ್ನೂ ಚಿಗುರನ್ನೂ ಅದರ ಮೇಲೆ ತಟ್ಟಿ, ಬಿದ್ದದ್ದನ್ನು ಭೂತಗನ್ನಡಿಯಲ್ಲಿ ನೋಡಿ. ಸುಮಾರು ಒಂದು ಮಿಲಿಮೀಟರ್ ಉದ್ದ, ತಲೆ ಮತ್ತು ಎದೆ ಕಂದು, ಹೊಟ್ಟೆ ಕಪ್ಪಾಗಿದ್ದರೆ ಪಾರ್ವಿಸ್ಪೈನಸ್ ಹೆಣ್ಣೆಂದು ಅನುಮಾನಿಸಿ. ಗಂಡು ಇನ್ನೂ ಚಿಕ್ಕದು, ಹಳದಿ. ಮೆಣಸಿನ ಎಲೆಯನ್ನು ಮೇಲ್ಮುಖವಾಗಿ ಮುದುರಿಸುವ ನಮ್ಮ ಹಳೆಯ ಥ್ರಿಪ್ಸ್ ಕೂಡ ಹಳದಿಯೇ ಆದ್ದರಿಂದ ಬರೀ ಬಣ್ಣ ನಂಬಿ ತೀರ್ಮಾನಿಸಬೇಡಿ. ಸೂಕ್ಷ್ಮದರ್ಶಕದಲ್ಲಿ ಮೀಸೆಯ ಗೆಣ್ಣು, ರೆಕ್ಕೆಯ ಕೂದಲು ನೋಡಿದ ಮೇಲೆಯೇ ಹೆಸರು ಖಚಿತ.

ಅದಕ್ಕೆ ದೂರ ಅಲೆಯಬೇಕಿಲ್ಲ. ಜಕ್ಕೂರಿನ ಮಗ್ಗುಲಲ್ಲೇ ಜಿ.ಕೆ.ವಿ.ಕೆ. ಕೃಷಿ ವಿಶ್ವವಿದ್ಯಾನಿಲಯವಿದೆ, ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. ಹತ್ತಿಪ್ಪತ್ತು ಹುಳುಗಳನ್ನು ತೇವದ ಕುಂಚದಿಂದ ಎತ್ತಿ, ಶೇಕಡಾ 70ರ ಮದ್ಯಸಾರವಿರುವ ಸಣ್ಣ ಸೀಸೆಗೆ ಹಾಕಿ. ಗಿಡದ ಹೆಸರು, ಊರು, ತಾರೀಖನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಸೀಸೆಯೊಳಗೇ ಇಡಿ. ಪೆನ್ನಿನ ಮಸಿ ಕರಗಿಹೋಗುತ್ತದೆ. ಉತ್ತರ ಬರುವ ತನಕ ಆ ಕುಂಡ ಮೆಣಸಿನ ಮಡಿಯಿಂದ ದೂರವಿರಲಿ.