ಹನ್ನೊಂದು ತಿಂಗಳ ಭಯ

ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂ ಕಡೆ ಸಂಜೆ ಹೊತ್ತು ಒಂದು ಸುತ್ತು ಹಾಕಿದರೆ ಕೆಳಗೆ ದೀಪ ಹೊತ್ತಿ, ಮೇಲೆ ಕತ್ತಲಿರುವ ಮನೆಗಳು ಎಷ್ಟೋ ಸಿಗುತ್ತವೆ. ಕೆಳಗೆ ನಿವೃತ್ತ ದಂಪತಿ. ಮೇಲಿನ ಮಹಡಿ ಮಕ್ಕಳಿಗೆಂದು ಕಟ್ಟಿಸಿದ್ದು, ಮಕ್ಕಳು ಬೆಂಗಳೂರಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇದ್ದಾರೆ. ಬಾಡಿಗೆಗೆ ಯಾಕೆ ಬಿಟ್ಟಿಲ್ಲ ಎಂದು ಕೇಳಿ ನೋಡಿ: "ಬಿಡೋದು ಸುಲಭ, ಬಿಡಿಸೋದು ಯಾರು?"

ಬಾಡಿಗೆಗೆ ಬಿಟ್ಟವರಲ್ಲೂ ಇದೇ ಭಯ. ಅವರ ತಲೆಯಲ್ಲಿರುವ ಕಾನೂನಿನ ಮುಕ್ಕಾಲು ಪಾಲು ಅವರಿವರ ಬಾಯಿಂದ ಕೇಳಿದ್ದು, ಉಳಿದದ್ದು ವಾಟ್ಸಾಪಿನದು. ಹೆದರಬೇಕಾದ ಕಡೆ ಧೈರ್ಯ ತೋರಿಸಿ, ಬೇಡದ ಕಡೆ ನಡುಗುತ್ತಾರೆ ಎಂಬುದೇ ನನ್ನ ತಕರಾರು.

"ಹನ್ನೆರಡು ವರ್ಷ ಇದ್ದರೆ ಮನೆ ಅವರದೇ"

ಎಲ್ಲ ಭಯಗಳ ತಾಯಿಬೇರು ಇದು. ಇದು ಹುಟ್ಟಿಕೊಂಡದ್ದಕ್ಕೂ ಕಾರಣವಿದೆ. ಮೈಸೂರಿನ ಅನೇಕ ಕುಟುಂಬಗಳಿಗೆ ಹಳ್ಳಿಯಲ್ಲಿ ಜಮೀನಿತ್ತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು, 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರ ಫಾರಂ 7 ತುಂಬಿದ, ಭೂನ್ಯಾಯಮಂಡಳಿ ಅವನ ಹೆಸರಿಗೆ ಮಾಡಿಕೊಟ್ಟಿತು. ಉಳುವವನಿಗೆ ನ್ಯಾಯ ಸಿಕ್ಕಿದ ಆ ದಿನಗಳನ್ನು ನಗರದಲ್ಲಿ ಕೂತಿದ್ದ ಒಡೆಯರ ಮನೆಗಳು "ಕೊಟ್ಟದ್ದು ಹೋಯಿತು" ಎಂದೇ ನೆನಪಿಟ್ಟುಕೊಂಡವು. ಮುಂದಿನ ತಲೆಮಾರು ಅದೇ ನೆನಪನ್ನು ಮಹಡಿ ಮನೆಗೂ ಅಂಟಿಸಿಕೊಂಡಿತು. ಆದರೆ ಆ ಕಾಯ್ದೆ ಕೃಷಿ ಜಮೀನಿಗೆ ಸಂಬಂಧಪಟ್ಟದ್ದು. ವಾಸದ ಮನೆಯ ಬಾಡಿಗೆದಾರನಿಗೂ ಅದಕ್ಕೂ ಸಂಬಂಧವೇ ಇಲ್ಲ.

ಹನ್ನೆರಡು ವರ್ಷದ ಲೆಕ್ಕ ಬಂದದ್ದು 1963ರ ಕಾಲಮಿತಿ ಕಾಯ್ದೆಯಿಂದ. ಮಾಲೀಕನ ಹಕ್ಕನ್ನೇ ಒಪ್ಪದೆ, ಎಲ್ಲರಿಗೂ ಕಾಣುವಂತೆ, ಆಸ್ತಿ ತನ್ನದೆಂದು ಹನ್ನೆರಡು ವರ್ಷ ಅನುಭವಿಸಿದವನು ಪ್ರತಿಕೂಲ ಸ್ವಾಧೀನದ ವಾದ ಹೂಡಬಹುದು. ಬಾಡಿಗೆದಾರ ಒಳಗೆ ಬರುವುದೇ ನಿಮ್ಮ ಅನುಮತಿಯಿಂದ. ತಿಂಗಳು ತಿಂಗಳು ಬಾಡಿಗೆ ಕೊಡುವುದೆಂದರೆ ನೀವೇ ಮಾಲೀಕರೆಂದು ಒಪ್ಪಿದಂತೆ. ಬಾಡಿಗೆಗೆ ಬಂದವನು ಮಾಲೀಕನ ಹಕ್ಕನ್ನು ಅಲ್ಲಗಳೆಯುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಹೇಳುತ್ತದೆ. ಹಾಗಾಗಿ ಹನ್ನೆರಡಲ್ಲ, ಮೂವತ್ತು ವರ್ಷ ಇದ್ದರೂ ಬಾಡಿಗೆದಾರ ಬಾಡಿಗೆದಾರನೇ. ಕಾವಲಿಗೆಂದು, ಉಪಕಾರಕ್ಕೆಂದು ಇರಿಸಿಕೊಂಡವರ ವಿಷಯದಲ್ಲೂ ಸುಪ್ರೀಂ ಕೋರ್ಟ್ 2012ರಲ್ಲಿ, ಗೋವಾದ ಒಂದು ಮನೆಯ ಪ್ರಕರಣದಲ್ಲಿ, ಎಷ್ಟು ಕಾಲ ಇದ್ದರೂ ಅವರಿಗೆ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ ಎಂದು ಸ್ಪಷ್ಟಪಡಿಸಿದೆ.

ಎಚ್ಚರ ಇರಬೇಕಾದ ಜಾಗ ಬೇರೆ. ಬಾಡಿಗೆಯ ಕರಾರನ್ನು ಕಾನೂನುಬದ್ಧವಾಗಿ ಕೊನೆಗೊಳಿಸಿದ ಮೇಲೆ, ಮನೆ ಬಿಡಿಸಿಕೊಳ್ಳಲು ದಾವೆ ಹಾಕುವುದಕ್ಕೆ ನಿಮಗಿರುವ ಗಡುವೂ ಹನ್ನೆರಡೇ ವರ್ಷ. ಗಡಿಯಾರ ಓಡುವುದು ಆಗಿನಿಂದ. ಬಾಕಿ ಬಾಡಿಗೆ ವಸೂಲಿಗಂತೂ ಮೂರೇ ವರ್ಷ. "ಪಾಪ, ಕೊಡ್ತಾರೆ ಬಿಡಿ" ಎಂದು ಐದು ವರ್ಷ ಸುಮ್ಮನಿದ್ದವರು ಮೊದಲ ಎರಡು ವರ್ಷದ ಬಾಕಿಯನ್ನು ದಾನವೆಂದು ತಿಳಿಯಬೇಕು.

ಇದಕ್ಕೆ ಅಂಟಿಕೊಂಡಿರುವ ಬಾಲಂಗೋಚಿ ಭಯಗಳೂ ಉಂಟು. 2023ರಲ್ಲಿ ಗೃಹಜ್ಯೋತಿ ಬಂದಾಗ, ಬಾಡಿಗೆದಾರರು ತಮ್ಮ ಆಧಾರ್ ಅನ್ನು ಮನೆಯ ಆರ್.ಆರ್. ನಂಬರಿಗೆ ಜೋಡಿಸಲು ಬಿಡದ ಮಾಲೀಕರು ಎಷ್ಟೋ ಮಂದಿ. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಬಿಲ್ಲಿನಲ್ಲಿ ಯಾರ ಆಧಾರ್ ಜೋಡಣೆಯಾದರೂ ಖಾತೆ ಬದಲಾಗುವುದಿಲ್ಲ. ಮನೆ ಖಾಲಿ ಮಾಡುವಾಗ ಜೋಡಣೆ ಬಿಡಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಮತದಾರರ ಪಟ್ಟಿಯೂ ಹಾಗೆಯೇ. ಅಲ್ಲಿ ಕೇಳುವುದು ಸಾಮಾನ್ಯವಾಗಿ ಎಲ್ಲಿ ವಾಸವಿದ್ದೀರಿ ಎಂದು. ಮನೆ ಯಾರದು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ.

"ಅದಕ್ಕೇ ಹನ್ನೊಂದು ತಿಂಗಳ ಅಗ್ರಿಮೆಂಟ್"

ಹನ್ನೊಂದು ತಿಂಗಳೆಂಬುದು ಬಾಡಿಗೆದಾರನಿಗೆ ಹಾಕಿದ ದಿಗ್ಬಂಧನ ಎಂದೇ ಬಹಳ ಜನರ ಎಣಿಕೆ. ನಿಜವಾದ ಕಾರಣ ಇಷ್ಟೇ: ಒಂದು ವರ್ಷಕ್ಕೆ ಮೀರಿದ ಅಥವಾ ವರ್ಷ ವರ್ಷದ ಲೆಕ್ಕದ ಗುತ್ತಿಗೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಹನ್ನೊಂದು ತಿಂಗಳಾದರೆ ಆ ಓಡಾಟ, ಖರ್ಚು ಉಳಿಯುತ್ತದೆ. ಹನ್ನೆರಡನೆಯ ತಿಂಗಳು ಬಾಡಿಗೆದಾರ ಗಂಟುಮೂಟೆ ಕಟ್ಟಬೇಕೆಂದು ಎಲ್ಲೂ ಬರೆದಿಲ್ಲ. ಅವಧಿ ಮುಗಿದ ಮೇಲೂ ನೀವು ಬಾಡಿಗೆ ತೆಗೆದುಕೊಂಡರೆ, ಬೇರೆ ಒಪ್ಪಂದವಿಲ್ಲದಿದ್ದರೆ, ವಾಸದ ಮನೆಯ ಮಟ್ಟಿಗೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ.

ಆ ಪತ್ರವನ್ನೇ ಒಮ್ಮೆ ಹತ್ತಿರದಿಂದ ನೋಡಿ. ಕೋರ್ಟಿನ ಹತ್ತಿರದ ಟೈಪಿಂಗ್ ಅಂಗಡಿಯಲ್ಲಿ ಹೆಸರು, ದಿನಾಂಕ ಬದಲಿಸಿ ಮುದ್ರಿಸಿದ ಎರಡು ಹಾಳೆ. ಮಾಂಸಾಹಾರ ಕೂಡದು, ಗೋಡೆಗೆ ಮೊಳೆ ಹೊಡೆಯಕೂಡದು ಎಂಬುದಕ್ಕೆ ಒಂದೊಂದು ಷರತ್ತು. ಖಾಲಿ ಮಾಡುವಾಗ ಬಣ್ಣಕ್ಕೆ ಎಷ್ಟು ಮುರಿದುಕೊಳ್ಳುವುದು, ಮುಂಗಡ ಎಷ್ಟು ದಿನದೊಳಗೆ ವಾಪಸು, ಮೋಟಾರು ಸುಟ್ಟರೆ ಯಾರ ಖರ್ಚು ಎಂಬುದರ ಬಗ್ಗೆ ಒಂದಕ್ಷರವಿಲ್ಲ. ಜಗಳವಾಗುವುದು ಮೊಳೆಗಲ್ಲ, ಈ ಮೂರಕ್ಕೇ. ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ಸಹಜ ಸವಕಳಿಯನ್ನು ಬಿಟ್ಟರೆ ಮನೆ ಹೇಗಿತ್ತೋ ಹಾಗೆ ಬಾಡಿಗೆದಾರ ಒಪ್ಪಿಸಬೇಕು. ನಾಲ್ಕು ವರ್ಷಕ್ಕೆ ಮಾಸಿದ ಸುಣ್ಣ ಸಹಜ ಸವಕಳಿ. "ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ" ಎಂಬುದು ಊರ ರೂಢಿ, ಕರಾರಿನಲ್ಲಿ ಬರೆದಿದ್ದರೆ ಮಾತ್ರ ಅದಕ್ಕೆ ಬೆಲೆ. ಮತ್ತೊಂದು ಮಾತು, ನೋಟರಿಯ ಸೀಲು ಬಿದ್ದ ಮಾತ್ರಕ್ಕೆ ಪತ್ರ ನೋಂದಣಿಯಾದಂತಲ್ಲ. ಸ್ಟಾಂಪು ಕಡಿಮೆ ಹಾಕಿದ್ದರೆ ಕೋರ್ಟಿನಲ್ಲಿ ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಬೇಕಾದೀತು.

"ಕಾನೂನೆಲ್ಲ ಬಾಡಿಗೆದಾರನ ಕಡೆಗೇ"

ಒಂದು ಕಾಲಕ್ಕೆ ಇದು ನಿಜವಿತ್ತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಮನೆ ಖಾಲಿಯಾದರೆ ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು, ಅವರು ಯಾರಿಗಾದರೂ ಹಂಚಬಹುದಿತ್ತು, ಬಾಡಿಗೆ ಏರಿಸುವುದೂ ಬಿಡಿಸುವುದೂ ಭಗೀರಥ ಪ್ರಯತ್ನವೇ. ಅಗ್ರಹಾರದ ಹಳೇ ಮನೆಗಳ ಕಥೆಗಳೆಲ್ಲ ಆ ಕಾಲದವು. 2001ರ ಡಿಸೆಂಬರ್ 31ರಿಂದ ಅದರ ಜಾಗಕ್ಕೆ ಕರ್ನಾಟಕ ಬಾಡಿಗೆ ಕಾಯ್ದೆ, 1999 ಬಂದಿತು. ಪ್ರದೇಶಕ್ಕೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇವತ್ತು ದಟ್ಟಗಳ್ಳಿಯಲ್ಲೋ ಬೋಗಾದಿಯಲ್ಲೋ ಎರಡು ಕೋಣೆಯ ಮನೆ ಆ ದರಕ್ಕೆ ಸಿಕ್ಕೀತೇ? ಅಲ್ಪ ಬಾಡಿಗೆಗೆ ದಶಕಗಳಿಂದ ಇರುವ ಹಳೆಯ ಬಾಡಿಗೆದಾರರ ವಿಷಯ ಬೇರೆ, ಅಂಥವರಿದ್ದರೆ ವಕೀಲರನ್ನು ಕಾಣಬೇಕು. ಉಳಿದವರಿಗೆಲ್ಲ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ತಿಂಗಳ ಬಾಡಿಗೆಯಾದರೆ, ಕರಾರಿನಲ್ಲಿ ಬೇರೆ ಹೇಳಿರದಿದ್ದರೆ, ಲಿಖಿತವಾಗಿ ಹದಿನೈದು ದಿನದ ನೋಟಿಸು ಸಾಕು. ಕಾರಣ ಕೊಡುವ ಅಗತ್ಯವೂ ಇಲ್ಲ.

ಹದಿನೈದು ದಿನದ ಮೇಲೂ ಬಿಡದಿದ್ದರೆ? ದಾವೆ ಹಾಕಬೇಕು, ಅದು ನಿಧಾನ. ಮಾಲೀಕರ ನಿಜವಾದ ಕಷ್ಟ ಇದೇ. ಕಾನೂನು ನಿಮ್ಮ ಕಡೆಗಿದ್ದರೂ ಕ್ಯಾಲೆಂಡರು ನಿಮ್ಮ ಕಡೆಗಿಲ್ಲ. ಈ ಅಸಹನೆಯಿಂದಲೇ ಮುಂದಿನ ಅನಾಹುತ.

"ಮನೆ ನನ್ನದು, ಬೀಗ ಜಡಿಯುತ್ತೇನೆ"

ನಲ್ಲಿ ನೀರು ನಿಲ್ಲಿಸುವುದು, ಫ್ಯೂಸು ಕೀಳುವುದು, ಅವರು ಊರಿಗೆ ಹೋದಾಗ ಬೀಗ ಬದಲಿಸುವುದು. ಹೆದರಬೇಕಾದದ್ದು ಇದಕ್ಕೆ. ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನ ಪ್ರಕಾರ, ಕಾನೂನಿನ ದಾರಿ ಬಿಟ್ಟು ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ಮರಳಿ ಪಡೆಯಬಹುದು. ಮನೆ ಯಾರದು ಎಂಬ ಪ್ರಶ್ನೆಯನ್ನು ಆ ದಾವೆಯಲ್ಲಿ ಕೋರ್ಟು ಎತ್ತಿಕೊಳ್ಳುವುದೇ ಇಲ್ಲ. ಆರು ತಿಂಗಳ ಬಾಕಿ ಉಳಿಸಿಕೊಂಡ ಬಾಡಿಗೆದಾರನ ಎದುರು, ಒಂದು ಬೀಗದ ದೆಸೆಯಿಂದ ನೀವೇ ತಪ್ಪಿತಸ್ಥರಾಗಿ ನಿಲ್ಲಬೇಕಾಗುತ್ತದೆ.

"ಆಧಾರ್ ಜೆರಾಕ್ಸ್ ಇದೆಯಲ್ಲ"

2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋದೊಳಗೆ ಕುಕ್ಕರ್ ಸ್ಫೋಟವಾಯಿತು. ಆರೋಪಿ ಅದಕ್ಕೆ ಮುಂಚೆ ಇದ್ದದ್ದು ಮೈಸೂರಿನ ಲೋಕನಾಯಕನಗರದ ಬಾಡಿಗೆ ಕೋಣೆಯಲ್ಲಿ, ಬೇರೊಬ್ಬರ ಆಧಾರ್ ಕಾರ್ಡು ತೋರಿಸಿ. ಆ ಬಳಿಕ ನಗರದ ಪೊಲೀಸರು ಬಾಡಿಗೆದಾರರ ವಿವರವನ್ನು ಠಾಣೆಗೆ ಕೊಡಿ ಎಂದು ಮಾಲೀಕರಿಗೆ ಸೂಚಿಸಿದರು. ಜೆರಾಕ್ಸ್ ಪ್ರತಿ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಮೂಲ ಕಾರ್ಡಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಮೊಬೈಲಿನಲ್ಲಿ ಬರುವ ಮುಖವೂ ಎದುರಿಗಿರುವ ಮುಖವೂ ಒಂದೇ ಎಂದು ನೋಡಿ. ಕೆಲಸದ ಜಾಗಕ್ಕೋ ಹಿಂದಿನ ಮನೆಯವರಿಗೋ ಒಂದು ಫೋನು ಮಾಡಿ.

ಗೋಕುಲಂನವರಿಗೆ ಇನ್ನೊಂದು ಮಾತು. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗದ ಹೆಸರು ಕೇಳಿ ಬರುವ ವಿದೇಶಿಯರಿಗೆ ಕೋಣೆ ಕೊಡುವ ಮನೆಗಳು ಅಲ್ಲಿ ಬೀದಿಗೊಂದಲ್ಲ, ಹತ್ತಾರು. ವಿದೇಶಿಯರ ಮಾಹಿತಿ ಕೊಡಬೇಕಾದದ್ದು ಹೋಟೆಲ್ಲುಗಳು ಮಾತ್ರ ಎಂಬುದು ತಪ್ಪು. ಹಣ ಪಡೆದು ಮನೆಯಲ್ಲಿ ಇರಿಸಿಕೊಂಡರೂ, ಇಷ್ಟು ಕಾಲ ಸಿ ಫಾರಂ ಎಂದೇ ಹೆಸರಾಗಿದ್ದ ಮಾಹಿತಿಯನ್ನು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು.

"ಮುಂಗಡ ಎರಡೇ ತಿಂಗಳದ್ದು, ಹೊಸ ಕಾನೂನು ಬಂದಿದೆ"

ಇದು ಬಾಡಿಗೆದಾರರು ಮಾಲೀಕರಿಗೆ ಕಳಿಸುವ ಮೆಸೇಜು. 2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ್ದು ಒಂದು ಮಾದರಿ ಬಾಡಿಗೆ ಕಾಯ್ದೆಯನ್ನು. ವಾಸದ ಮನೆಗೆ ಎರಡು ತಿಂಗಳ ಮುಂಗಡ ಎಂಬ ಮಿತಿ ಅದರಲ್ಲಿರುವುದು ನಿಜ. ಆದರೆ ಮಾದರಿಗೆ ತನ್ನಷ್ಟಕ್ಕೇ ಜೀವವಿಲ್ಲ, ರಾಜ್ಯದ ಶಾಸನಸಭೆ ಅಳವಡಿಸಿಕೊಂಡರಷ್ಟೇ ಅದು ಕಾನೂನು.

ಮುಂಗಡಕ್ಕಿಂತ ತೊಡಕಿನದು ಭೋಗ್ಯ. ಐದೋ ಆರೋ ಲಕ್ಷ ಕೊಟ್ಟು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇರುವ ಈ ಪದ್ಧತಿ ನಮ್ಮೂರಲ್ಲಿ ಮನೆಮಾತು. ಹಣ ಇಟ್ಟುಕೊಂಡು ಸ್ವಾಧೀನ ಕೊಡುವುದು ಕಾನೂನಿನ ಕಣ್ಣಿಗೆ ಬಹುಮಟ್ಟಿಗೆ ಅಡಮಾನ, ಅದಕ್ಕೆ ನೋಂದಾಯಿತ ಪತ್ರ ಬೇಕು. "ನಂಬಿಕೆ ಮೇಲೆ ನಡೀತದೆ" ಎಂದು ನಗದಿನಲ್ಲಿ ಪಡೆಯುವವರು ಇನ್ನೊಂದನ್ನು ತಿಳಿದಿರಬೇಕು. ಸಾಲ ಅಥವಾ ಠೇವಣಿಯಾಗಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ದಂಡ ಪಡೆದ ಮೊತ್ತದಷ್ಟೇ. ಆರು ಲಕ್ಷ ನಗದು ಪಡೆದರೆ ಆರು ಲಕ್ಷ ದಂಡ. ಅಷ್ಟರಲ್ಲಿ ಆ ಹಣ ಮಗಳ ಮದುವೆಗೋ ಇನ್ನೊಂದು ಮಹಡಿಗೋ ಕರಗಿರುತ್ತದೆ. ಮುಂದಿನ ಭೋಗ್ಯದವರು ಸಿಗುವ ತನಕ ಹಿಂದಿನವರಿಗೆ ವಾಪಸು ಕೊಡಲಾಗದ ಮಾಲೀಕರೇ ಜಾಸ್ತಿ. ಭೋಗ್ಯದ ಜಗಳಗಳಲ್ಲಿ ಬಾಡಿಗೆದಾರರನ್ನು ದೂರುವುದು ನನಗಂತೂ ಸರಿಕಾಣುವುದಿಲ್ಲ.

"ಪ್ಯಾನ್ ಕೊಟ್ಟರೆ ಬಾಡಿಗೆಯೆಲ್ಲ ತೆರಿಗೆಗೇ"

ವರ್ಷಕ್ಕೆ ಒಂದು ಲಕ್ಷ ಮೀರಿ ಬಾಡಿಗೆ ಕಟ್ಟುವ ನೌಕರ ಮನೆಬಾಡಿಗೆ ಭತ್ಯೆಯ ರಿಯಾಯಿತಿ ಪಡೆಯಲು ಮಾಲೀಕರ ಪ್ಯಾನ್ ಕೊಡಬೇಕು. ಹೆಬ್ಬಾಳದ ಕಂಪನಿಗಳಿಗೆ ಹೋಗಿಬರುವ ಹುಡುಗರಿಗೂ ಮಾಲೀಕರಿಗೂ ಮನಸ್ತಾಪ ಬರುವುದು ಇಲ್ಲೇ. ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 15,000ದಂತೆ ವರ್ಷಕ್ಕೆ 1,80,000. ಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆ 5,000 ಕಳೆಯಿರಿ. ಉಳಿದದ್ದರಲ್ಲಿ ಶೇ 30ನ್ನು ರಿಪೇರಿಗೆಂದು ಬಿಲ್ಲು ಕೇಳದೆ ಕಳೆಯುತ್ತಾರೆ. ಆದಾಯಕ್ಕೆ ಸೇರುವುದು 1,22,500 ಮಾತ್ರ. ಇದೂ ಪಿಂಚಣಿಯೂ ಸೇರಿ 12 ಲಕ್ಷ ದಾಟದಿದ್ದರೆ, 2025-26ರಿಂದ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ. ಪ್ಯಾನ್ ಮುಚ್ಚಿಡಲು ಅಗ್ರಿಮೆಂಟಿನಲ್ಲಿ ಬಾಡಿಗೆ ಎಂಟು ಸಾವಿರವೆಂದು ಬರೆಸಿದವರು, ನಾಳೆ ಬಾಕಿಗೆ ದಾವೆ ಹಾಕಿದರೆ ಕೈಗೆ ಬರುವುದೂ ಎಂಟು ಸಾವಿರದ ಲೆಕ್ಕವೇ.

ಮನೆ ವಿದೇಶದಲ್ಲಿ ನೆಲೆಸಿದ ಮಗನ ಹೆಸರಲ್ಲಿದ್ದರೆ ನಿಯಮ ಬೇರೆ. ಆಗ ಬಾಡಿಗೆದಾರನೇ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕು, ಅದೂ ಶೇ 30ರ ಆಸುಪಾಸು. ಅಪ್ಪನ ಖಾತೆಗೆ ಹಣ ಹಾಕಿಸಿಕೊಂಡ ಮಾತ್ರಕ್ಕೆ ಇದು ತಪ್ಪುವುದಿಲ್ಲ.

ಮೇಲಿನ ಮಹಡಿ ಖಾಲಿ ಇಟ್ಟಿರುವವರು ಬಾಡಿಗೆಗೆ ಧಾರಾಳವಾಗಿ ಬಿಡಿ. ಕರಾರನ್ನು ಸರಿಯಾಗಿ ಬರೆಸಿ, ಬಾಡಿಗೆಯನ್ನೂ ಮುಂಗಡವನ್ನೂ ಬ್ಯಾಂಕಿನ ಮೂಲಕವೇ ಪಡೆಯಿರಿ, ಎರಡು ತಿಂಗಳು ಬಾಕಿಯಾದರೆ ಮೂರನೆಯದಕ್ಕೆ ಕಾಯದೆ ನೋಟಿಸು ಕೊಡಿ.